ಕವರ್ ಹಾಡು ಅಂದರೆ ಏನು? ‘ಅನ್‌ಚೈನ್ಡ್ ಮೆಲಡಿ’ ಹಾದುಬಂದ ಕೊರಳುಗಳು

‘ಗೋಸ್ಟ್’ ಸಿನಿಮಾ ನೋಡಿದವರು ಆ ದೃಶ್ಯ ಮರೆತಿರುವುದಿಲ್ಲ. ರಾತ್ರಿ ಹೊತ್ತು. ಡೆಮಿ ಮೂರ್ ಕುಂಬಾರರ ತಿಗರಿಯ ಮುಂದೆ ಕೂತಿದ್ದಾಳೆ. ಕೈತುಂಬ ಒದ್ದೆ ಮಣ್ಣು. ಪ್ಯಾಟ್ರಿಕ್ ಸ್ವೇಜಿ ಬಂದು ಹಿಂದೆ ಕೂರುತ್ತಾನೆ. ಏಳುತ್ತಿದ್ದ ಮಡಕೆ ಕುಸಿಯುತ್ತದೆ. ಇಬ್ಬರ ಬೆರಳುಗಳೂ ಮಣ್ಣಿನಲ್ಲಿ ಹೆಣೆದುಕೊಳ್ಳುತ್ತವೆ. ಅಷ್ಟೂ ಹೊತ್ತು ಒಂದು ಹಾಡು ಕೇಳಿಸುತ್ತಿರುತ್ತದೆ. ಮೆಲ್ಲಗೆ ಶುರುವಾಗುವ ಹಾಡು. ಕೊನೆಗೆ ಬರುವಷ್ಟರಲ್ಲಿ ಹಾಡುವವರ ದನಿ ಎಲ್ಲೋ ಮೇಲೆ ಹೋಗಿ ನಿಂತಿರುತ್ತದೆ.

ಹಾಡಿನ ಹೆಸರು ‘ಅನ್‌ಚೈನ್ಡ್ ಮೆಲಡಿ’. ಹಾಡಿದ್ದು ರೈಚಸ್ ಬ್ರದರ್ಸ್. ಬಹಳ ಜನರ ಪಾಲಿಗೆ ಇದೇ ಮೂಲ ಹಾಡು. ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. ಆದರೆ ಇದು ಕವರ್. 1990ರ ಸಿನಿಮಾದಲ್ಲಿ ಕೇಳುವುದು 1965ರ ರೆಕಾರ್ಡಿಂಗ್. ಹಾಡು ಹುಟ್ಟಿದ್ದು ಅದಕ್ಕೂ ಹತ್ತು ವರ್ಷ ಮುಂಚೆ. ಕವರ್ ಅನ್ನುವ ಪದವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಹಾಡು ನನಗಂತೂ ಸಿಕ್ಕಿಲ್ಲ.

ಕವರ್ ಅಂದಕೂಡಲೇ ನಮಗೆ ಅಂಚೆ ಲಕೋಟೆಯೋ ಪುಸ್ತಕದ ಹೊದಿಕೆಯೋ ನೆನಪಾಗುತ್ತದೆ. ಸಂಗೀತದಲ್ಲಿ ಅದಕ್ಕೆ ಬೇರೆಯೇ ಅರ್ಥ. ಒಬ್ಬರು ಆಗಲೇ ರೆಕಾರ್ಡ್ ಮಾಡಿ ಹೊರತಂದ ಹಾಡನ್ನು ಇನ್ನೊಬ್ಬರು ತಮ್ಮ ದನಿಯಲ್ಲಿ ಹೊಸದಾಗಿ ಹಾಡಿ ರೆಕಾರ್ಡ್ ಮಾಡಿದರೆ ಅದು ಕವರ್. ಸಾಹಿತ್ಯ ಅದೇ, ಧಾಟಿ ಅದೇ. ದನಿ, ವಾದ್ಯ, ವೇಗ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದು, ಇವೆಲ್ಲ ಬೇರೆ. ಹಳೇ ರೆಕಾರ್ಡಿಂಗನ್ನೇ ತೆಗೆದುಕೊಂಡು ಅದರ ತಾಳ, ಸದ್ದು ಬದಲಾಯಿಸಿದರೆ ಅದು ರೀಮಿಕ್ಸ್. ಒಂದು ತುಣುಕನ್ನು ಕತ್ತರಿಸಿ ಹೊಸ ಹಾಡಿನಲ್ಲಿ ಕೂರಿಸಿದರೆ ಸ್ಯಾಂಪಲ್. ಕವರ್‌ನಲ್ಲಿ ಹಳೇ ರೆಕಾರ್ಡಿಂಗಿನ ಒಂದು ಸದ್ದೂ ಇರುವುದಿಲ್ಲ. ಎಲ್ಲವನ್ನೂ ಮತ್ತೆ ಮೊದಲಿಂದ ಹಾಡಿ, ನುಡಿಸಬೇಕು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ಹಾಡು ಬೇರೆ, ರೆಕಾರ್ಡಿಂಗ್ ಬೇರೆ. ಹಾಡು ಅಂದರೆ ಕವಿ ಬರೆದ ಸಾಲು ಮತ್ತು ಸಂಗೀತಗಾರ ಕಟ್ಟಿದ ಧಾಟಿ. ಅದರ ಹಕ್ಕು ಅವರದು, ಅವರ ಪ್ರಕಾಶಕರದು. ರೆಕಾರ್ಡಿಂಗ್ ಅಂದರೆ ಒಂದು ದಿನ ಒಂದು ಸ್ಟುಡಿಯೋದಲ್ಲಿ ಒಬ್ಬರು ಹಾಡಿದ್ದು. ಅದರ ಹಕ್ಕು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯದು. ಕವರ್ ಮಾಡುವವರು ಮೊದಲನೆಯದನ್ನು ಬಳಸುತ್ತಾರೆ, ಎರಡನೆಯದನ್ನು ಮುಟ್ಟುವುದಿಲ್ಲ. ಹಾಗಾಗಿ ಕವರ್ ಎಷ್ಟು ಬಂದರೂ ಹಾಡು ಬರೆದವರಿಗೆ ಹಣ ಬರುತ್ತದೆ. ಮೊದಲು ಹಾಡಿದವರಿಗೆ ಬರುವುದಿಲ್ಲ. ನನಗೆ ಇದು ಈಗಲೂ ಸ್ವಲ್ಪ ನೋವಿನ ಸಂಗತಿಯೇ.

ಈ ಏರ್ಪಾಡು ಅಮೆರಿಕದಲ್ಲಿ ಶುರುವಾದದ್ದು 1909ರ ಕಾಯ್ದೆಯಿಂದ. ಆಗ ಪಿಯಾನೋ ರೋಲ್‌ಗಳ ಕಾಲ. ತೂತು ಹೊಡೆದ ಕಾಗದದ ಸುರುಳಿಯನ್ನು ಯಂತ್ರದ ಪಿಯಾನೋಗೆ ಹಾಕಿದರೆ ಹಾಡು ತಾನಾಗಿ ನುಡಿಯುತ್ತಿತ್ತು. ಒಂದೇ ದೊಡ್ಡ ಕಂಪನಿ ಎಲ್ಲ ಹಾಡುಗಳ ಹಕ್ಕನ್ನೂ ಕೊಂಡುಕೊಂಡುಬಿಟ್ಟರೆ ಏನು ಗತಿ ಅನ್ನುವ ಭಯ ಹುಟ್ಟಿತು. ಅದಕ್ಕೇ ಸಂಸತ್ತು ಒಂದು ನಿಯಮ ಮಾಡಿತು. ಹಾಡನ್ನು ಮೊದಲ ಸಲ ಹೀಗೆ ರೋಲ್ ಅಥವಾ ರೆಕಾರ್ಡ್ ಮಾಡಿಸಲು ಒಡೆಯರ ಒಪ್ಪಿಗೆ ಬೇಕು. ಒಂದು ಸಲ ಒಪ್ಪಿಗೆ ಕೊಟ್ಟಮೇಲೆ, ಬೇರೆ ಯಾರು ಬೇಕಾದರೂ ಕಾನೂನು ಹೇಳಿದಷ್ಟು ಹಣ ಕೊಟ್ಟು ತಾವೂ ಮಾಡಬಹುದು. ಆಗ ಇಟ್ಟ ದರ ಪ್ರತಿಗೆ 2 ಸೆಂಟ್. 1978ರ ತನಕ ಅದೇ ದರ ಇತ್ತು. ಇವತ್ತಿಗೂ ಅಲ್ಲಿ ಕವರ್ ಮಾಡಲು ಹಾಡು ಬರೆದವರನ್ನು ಬೇಡಿಕೊಳ್ಳಬೇಕಾಗಿಲ್ಲ. ತಮ್ಮ ಶೈಲಿಗೆ ತಕ್ಕ ಹಾಗೆ ಹಾಡಬಹುದು. ಮೂಲ ಧಾಟಿಯನ್ನೇ ಕೆಡಿಸುವಂತಿಲ್ಲ, ಅಷ್ಟೇ.

‘ಕವರ್’ ಅನ್ನುವ ಮಾತು ರೆಕಾರ್ಡ್ ವ್ಯಾಪಾರದಿಂದ ಬಂತು. 1940-50ರ ದಶಕದಲ್ಲಿ ಜನ ಹಾಡನ್ನು ಕೇಳಿ ಅಂಗಡಿಗೆ ಹೋಗುತ್ತಿದ್ದರು, ಹಾಡಿದವರು ಯಾರು ಅಂತ ನೋಡುವವರು ಕಡಿಮೆ. ಒಂದು ಕಂಪನಿಯ ಹಾಡು ಓಡತೊಡಗಿದರೆ ಉಳಿದ ಕಂಪನಿಗಳು ಸುಮ್ನೆ ಕೂರುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಅದೇ ಹಾಡನ್ನು ತಮ್ಮ ಗಾಯಕರಿಂದ ಹಾಡಿಸಿ ಅಂಗಡಿಗೆ ತಳ್ಳುತ್ತಿದ್ದವು. ಅಂದರೆ ಆಗ ಕವರ್ ಅನ್ನುವುದು ಹಳೇ ಹಾಡಿಗೆ ಸಲ್ಲಿಸುವ ಗೌರವ ಆಗಿರಲಿಲ್ಲ. ಅದು ಪೈಪೋಟಿ.

ಈ ಪೈಪೋಟಿಯಲ್ಲಿ ಅನ್ಯಾಯವೂ ನಡೆಯಿತು. ಕಪ್ಪು ಗಾಯಕರ ಹಾಡನ್ನು ಬಿಳಿಯ ಗಾಯಕರಿಂದ ಹಾಡಿಸಿ ದೊಡ್ಡ ರೇಡಿಯೋಗಳಲ್ಲಿ ಓಡಿಸುತ್ತಿದ್ದರು. 1955ರಲ್ಲಿ ಫ್ಯಾಟ್ಸ್ ಡೊಮಿನೊ ಅವರ ‘ಏಂಟ್ ದಟ್ ಎ ಶೇಮ್’ ಹಾಡನ್ನು ಪ್ಯಾಟ್ ಬೂನ್ ಹಾಡಿದರು. ಬೂನ್ ಪಾಪ್ ಪಟ್ಟಿಯಲ್ಲಿ, ಅಂದರೆ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ, ಮೊದಲ ಸ್ಥಾನಕ್ಕೆ ಹೋದರು. ಹಾಡು ಕಟ್ಟಿ ಹಾಡಿದ ಡೊಮಿನೊ ಅದೇ ಪಟ್ಟಿಯಲ್ಲಿ ಹತ್ತಕ್ಕೆ ನಿಂತರು. ಕವರ್ ಅನ್ನುವ ಪದದ ಮೇಲೆ ಈ ಕಲೆ ಇದೆ. ಅದನ್ನು ಬಿಟ್ಟು ಈ ಪದದ ಕಥೆ ಹೇಳಬಾರದು.

ನಮ್ಮ ಹಾಡೂ ಹುಟ್ಟಿದ್ದು ಅದೇ 1955ರಲ್ಲಿ.

ಆ ವರ್ಷ ‘ಅನ್‌ಚೈನ್ಡ್’ ಅಂತ ಒಂದು ಸಿನಿಮಾ ಬಂತು. ಕ್ಯಾಲಿಫೋರ್ನಿಯಾದ ಚೀನೋದಲ್ಲಿದ್ದ, ಎತ್ತರದ ಗೋಡೆಯಿಲ್ಲದ ಜೈಲಿನ ಕಥೆ. ಸಂಗೀತ ಅಲೆಕ್ಸ್ ನಾರ್ತ್. ಸಾಹಿತ್ಯಕ್ಕಾಗಿ ಹೈ ಝಾರೆಟ್ ಅವರನ್ನು ಕೇಳಿದಾಗ, ಮನೆಗೆ ಬಣ್ಣ ಬಳಿಯುತ್ತಿದ್ದೇನೆ, ಪುರುಸೊತ್ತಿಲ್ಲ ಅಂದರಂತೆ. ಕೊನೆಗೆ ಒಪ್ಪಿ ಬರೆದರು. ಹಾಡಿನಲ್ಲಿ ‘ಅನ್‌ಚೈನ್ಡ್’ ಅನ್ನುವ ಪದ ಬರಬೇಕು ಅಂತ ಕೇಳಿಕೊಂಡರೂ ಝಾರೆಟ್ ಒಪ್ಪಲಿಲ್ಲ. ಅವರು ಬರೆದದ್ದು ದೂರ ಇರುವ ಒಬ್ಬ ಪ್ರೇಮಿಯ ಮಾತು. ದಿನ ಮುಂದೆ ಸರಿಯುತ್ತಿಲ್ಲ, ನೀನಿನ್ನೂ ನನ್ನವಳೇ ತಾನೇ, ಕಾದಿರು ಅನ್ನುವಂಥದ್ದು. ಅದಕ್ಕೇ ಹೆಸರಿನಲ್ಲಿರುವ ಪದ ಹಾಡಿನೊಳಗೆ ಎಲ್ಲೂ ಇಲ್ಲ. ಹೆಸರಿನ ಅರ್ಥ ಬರೀ ಇಷ್ಟು: ‘ಅನ್‌ಚೈನ್ಡ್’ ಸಿನಿಮಾದ ಧಾಟಿ.

ಸಿನಿಮಾದಲ್ಲಿ ಇದನ್ನು ಹಾಡಿದವರು ಟಾಡ್ ಡಂಕನ್. ಸಣ್ಣಪುಟ್ಟ ಗಾಯಕರಲ್ಲ. 1935ರಲ್ಲಿ ಸಂಗೀತಗಾರ ಗರ್ಶ್ವಿನ್ ಅವರ ‘ಪೋರ್ಗಿ ಅಂಡ್ ಬೆಸ್’ ಅನ್ನುವ ಆಪೆರಾ (ಹಾಡಿನಲ್ಲೇ ಸಾಗುವ ನಾಟಕ) ಮೊದಲು ರಂಗಕ್ಕೆ ಬಂದಾಗ ಪೋರ್ಗಿಯಾಗಿ ನಿಂತವರು. 1945ರಲ್ಲಿ ನ್ಯೂಯಾರ್ಕ್ ಸಿಟಿ ಆಪೆರಾದಲ್ಲಿ ಹಾಡಿದ ಮೊದಲ ಆಫ್ರಿಕನ್ ಅಮೆರಿಕನ್. ‘ಅನ್‌ಚೈನ್ಡ್’ನಲ್ಲಿ ಅವರು ಒಬ್ಬ ಕೈದಿ. ಇನ್ನೊಬ್ಬ ಕೈದಿ ಗಿಟಾರ್ ನುಡಿಸುತ್ತಾನೆ, ಸುತ್ತಲಿನವರು ಮುಖ ಬಾಡಿಸಿಕೊಂಡು ಕೇಳುತ್ತಾರೆ. ಹಾಡು ಪೂರ್ತಿ ಕೂಡ ಇಲ್ಲ, ಮೊಟಕು ಮಾಡಿದ್ದಾರೆ. ಡಂಕನ್ ಅವರದು ಮಂದ್ರದ, ತುಂಬಿದ ದನಿ. ದನಿ ಎತ್ತಿ ಅಬ್ಬರಿಸುವುದಿಲ್ಲ. ಜೈಲಿನಲ್ಲಿ ಕೂತವನು ಹೇಳಿಕೊಂಡಾಗ ‘ಕಾದಿರು’ ಅನ್ನುವ ಮಾತಿನ ತೂಕವೇ ಬೇರೆ ಅಲ್ವಾ. ‘ಗೋಸ್ಟ್’ ನೋಡಿ ಈ ಹಾಡನ್ನು ಹಚ್ಚಿಕೊಂಡವರು ಒಮ್ಮೆ ಇದನ್ನು ಹುಡುಕಿ ಕೇಳಬೇಕು. ಪ್ರೇಮಗೀತೆ ಅಂದುಕೊಂಡದ್ದು ಮೊದಲಿಗೆ ಸೆರೆಮನೆಯ ಹಾಡಾಗಿತ್ತು ಅಂತ ಆಗ ಹೊಳೆಯುತ್ತದೆ.

ಸಿನಿಮಾ ಬಂದದ್ದೇ ತಡ, ಕವರ್‌ಗಳ ಸಾಲು ಶುರುವಾಯಿತು. ಅಮೆರಿಕದಲ್ಲಿ ಲೆಸ್ ಬ್ಯಾಕ್ಸ್‌ಟರ್ ವಾದ್ಯವೃಂದ ಮತ್ತು ಮೇಳದ ದನಿಗಳೊಂದಿಗೆ ಮಾಡಿದ್ದು ಮೊದಲ ಸ್ಥಾನಕ್ಕೆ ಹೋಯಿತು. ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ತಂಡದಲ್ಲಿ ಹಾಡಿದ್ದ, ಕಣ್ಣು ಕಾಣದ ಆಲ್ ಹಿಬ್ಲರ್ ಮೂರನೇ ಸ್ಥಾನಕ್ಕೆ. ರಾಯ್ ಹ್ಯಾಮಿಲ್ಟನ್ ಆರನೇ ಸ್ಥಾನಕ್ಕೆ. ಬ್ರಿಟನ್ನಿನಲ್ಲಿ ಜಿಮ್ಮಿ ಯಂಗ್ ಹಾಡಿದ್ದು ಮೊದಲ ಸ್ಥಾನ ಹಿಡಿಯಿತು. ಒಂದು ಹಂತದಲ್ಲಿ ಅಲ್ಲಿನ ಮೊದಲ ಇಪ್ಪತ್ತು ಹಾಡುಗಳಲ್ಲಿ ನಾಲ್ಕು ‘ಅನ್‌ಚೈನ್ಡ್ ಮೆಲಡಿ’ಗಳೇ ಇದ್ದವು. ಯಂಗ್, ಹಿಬ್ಲರ್, ಬ್ಯಾಕ್ಸ್‌ಟರ್, ಪಿಯಾನೋ ವಾದಕ ಲಿಬರಾಚಿ. ಕವರ್ ಅನ್ನುವ ಪದದ ಆ ಕಾಲದ ಅರ್ಥ ಈ ಒಂದು ಪಟ್ಟಿಯಲ್ಲೇ ಸಿಕ್ಕಿಬಿಡುತ್ತದೆ. ಡಂಕನ್ ಹೆಸರು ಮಾತ್ರ ಅದರಲ್ಲಿ ಇಲ್ಲ. ಹಾಡು ಆಸ್ಕರ್‌ಗೆ ನಾಮನಿರ್ದೇಶನ ಆಯಿತು, ಗೆಲ್ಲಲಿಲ್ಲ.

ಮುಂದಿನ ಹತ್ತು ವರ್ಷದಲ್ಲಿ ಕಾಲ ಬದಲಾಯಿತು. ರಾಕ್ ಅಂಡ್ ರೋಲ್ ಬಂತು. ಹಾಡಿನಷ್ಟೇ ಹಾಡುವವರೂ ಮುಖ್ಯ ಆದರು. ಜನ ಇಂಥವರದೇ ರೆಕಾರ್ಡ್ ಬೇಕು ಅಂತ ಕೇಳತೊಡಗಿದರು. ಆಗ ಕವರ್ ಅನ್ನುವ ಪದವೂ ನಿಧಾನವಾಗಿ ಮಗ್ಗುಲು ಬದಲಿಸಿತು. ಎಲ್ಲರಿಗೂ ಗೊತ್ತಿರುವ ಹಳೇ ಹಾಡಿನಲ್ಲಿ ನೀನು ಹೊಸದೇನು ಕಂಡೆ ಅನ್ನುವ ಪ್ರಶ್ನೆ ಅದಕ್ಕೆ ಅಂಟಿಕೊಂಡಿತು.

1965ರ ರೆಕಾರ್ಡಿಂಗಿಗೆ ಬರೋಣ. ರೈಚಸ್ ಬ್ರದರ್ಸ್ ಅಂದರೆ ಬಾಬಿ ಹ್ಯಾಟ್‌ಫೀಲ್ಡ್ ಮತ್ತು ಬಿಲ್ ಮೆಡ್ಲಿ. ಅಣ್ಣತಮ್ಮಂದಿರಲ್ಲ. ಮೆಡ್ಲಿಯದು ಕೆಳಗಿನ ದನಿ, ಹ್ಯಾಟ್‌ಫೀಲ್ಡ್‌ದು ಮೇಲಿನ ದನಿ. ಈ ಹಾಡನ್ನು ಒಬ್ಬರೇ ಹಾಡುವುದು ಅಂತ ಆಯಿತು, ಇಬ್ಬರಿಗೂ ಆಸೆ. ನಾಣ್ಯ ಚಿಮ್ಮಿದರು. ಹ್ಯಾಟ್‌ಫೀಲ್ಡ್ ಗೆದ್ದರು. ಅಂದರೆ ‘ಗೋಸ್ಟ್’ನಲ್ಲಿ ಕೇಳುವುದು ಅವರೊಬ್ಬರದೇ ದನಿ. ನಿರ್ಮಾಪಕ ಫಿಲ್ ಸ್ಪೆಕ್ಟರ್ ಅವರ ಕಂಪನಿ ಇದನ್ನು ‘ಹಂಗ್ ಆನ್ ಯೂ’ ಹಾಡಿನ ಬೆನ್ನಿಗೆ, ರೆಕಾರ್ಡಿನ ಎರಡನೇ ಬದಿಗೆ ಹಾಕಿತು. ರೇಡಿಯೋದವರು ರೆಕಾರ್ಡ್ ಮಗುಚಿ ಹಾಕಿದರು. ಎರಡನೇ ಬದಿಯ ಹಾಡು ಅಮೆರಿಕದಲ್ಲಿ ನಾಲ್ಕನೇ ಸ್ಥಾನಕ್ಕೆ ಹೋಯಿತು.

ಇದನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಪಕ್ಕವಾದ್ಯ ಪ್ರತಿ ಏಟಿಗೂ ಮೂರು ಮೂರು ಸ್ವರ ಬಿಡಿಸುತ್ತಾ ಸಾಗುತ್ತದೆ, ಗಡಿಯಾರದ ಹಾಗೆ. ಹ್ಯಾಟ್‌ಫೀಲ್ಡ್ ಅವಸರ ಮಾಡುವುದಿಲ್ಲ. ನದಿಗಳು ಕಡಲಿಗೆ ಹೋಗುವ ನಡುವಿನ ಭಾಗದಲ್ಲಿ ವಾದ್ಯಗಳು ತುಂಬಿಕೊಳ್ಳುತ್ತವೆ. ಆಮೇಲೆ ಕೊನೆಯ ಚರಣ. ನಿನ್ನ ಪ್ರೀತಿ ಬೇಕು ಅನ್ನುವ ಸಾಲು. ಹಿಂದಿನವರು ಧಾಟಿ ಇದ್ದ ಹಾಗೆ ಹಾಡಿದ ಜಾಗ ಅದು. ಹ್ಯಾಟ್‌ಫೀಲ್ಡ್ ಅಲ್ಲಿ ಧಾಟಿ ಬಿಟ್ಟು ಒಮ್ಮೆಲೇ ಮೇಲಕ್ಕೆ ಜಿಗಿಯುತ್ತಾರೆ. ಅದು ಬರೀ ಕೊರಳಿನ ಸಾಹಸ ಅಲ್ಲ. ಅಷ್ಟು ಹೊತ್ತು ತಡೆದುಕೊಂಡವನಿಗೆ ಇನ್ನು ಆಗುವುದಿಲ್ಲ ಅನ್ನುವ ಗಳಿಗೆ ಅದು. ಆ ಸಾಲು ಝಾರೆಟ್ ಅವರದು, ಸ್ವರ ನಾರ್ತ್ ಅವರದು. ಜಿಗಿತ ಮಾತ್ರ ಹ್ಯಾಟ್‌ಫೀಲ್ಡ್‌ದು. ಒಳ್ಳೆಯ ಕವರ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಆ ಕೆಲವು ಸೆಕೆಂಡು ಕೇಳಿಸುತ್ತೇನೆ.

ಆ ಮೇಲೆ ಬಂದವರೆಲ್ಲ ಹೆಚ್ಚುಕಡಿಮೆ ಆ ಜಿಗಿತವನ್ನೂ ಹಾಡಿನ ಭಾಗವೇ ಅಂದುಕೊಂಡರು. 1995ರಲ್ಲಿ ಬ್ರಿಟನ್ನಿನ ‘ಸೋಲ್ಜರ್ ಸೋಲ್ಜರ್’ ಧಾರಾವಾಹಿಯ ನಟರಾದ ರಾಬ್ಸನ್ ಗ್ರೀನ್, ಜೆರೋಮ್ ಫ್ಲಿನ್ ಇದನ್ನು ಹಾಡಿದರು. 7 ವಾರ ಮೊದಲ ಸ್ಥಾನ, ಆ ವರ್ಷ ಅಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್). ಅವರು ಹಿಂಬಾಲಿಸಿದ್ದು ಡಂಕನ್ನರನ್ನಲ್ಲ, ಹ್ಯಾಟ್‌ಫೀಲ್ಡರನ್ನು. ಕವರ್‌ನ ಕವರ್ ಅನ್ನಬಹುದು. 2002ರಲ್ಲಿ ‘ಪಾಪ್ ಐಡಲ್’ ಅನ್ನುವ ಟಿವಿ ಹಾಡಿನ ಸ್ಪರ್ಧೆಯ 17 ವರ್ಷದ ಗ್ಯಾರೆತ್ ಗೇಟ್ಸ್ ಹಾಡಿದ್ದೂ ಮೊದಲ ಸ್ಥಾನಕ್ಕೆ ಹೋಯಿತು. ಹೀಗೆ ಬ್ರಿಟನ್ನಿನಲ್ಲಿ ಒಂದೇ ಹಾಡು ನಾಲ್ಕು ಬೇರೆ ಬೇರೆ ಗಾಯಕರಿಂದ ನಾಲ್ಕು ಸಲ ಮೊದಲ ಸ್ಥಾನಕ್ಕೆ ಏರಿತು: 1955, 1990 (‘ಗೋಸ್ಟ್’ ಬಂದಮೇಲೆ ರೈಚಸ್ ಬ್ರದರ್ಸ್), 1995, 2002.

1990ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ‘ಗೋಸ್ಟ್’ ಬಂದಮೇಲೆ ಜನ ಆ ಹಾಡಿನ ಕ್ಯಾಸೆಟ್ ಬೇಕು ಅಂತ ಅಂಗಡಿಗೆ ಬಂದರು. ಅಮೆರಿಕದಲ್ಲಿ 1965ರ ರೆಕಾರ್ಡಿಂಗ್ ಸುಲಭವಾಗಿ ಸಿಗುವ ಹಾಗಿರಲಿಲ್ಲ. ರೈಚಸ್ ಬ್ರದರ್ಸ್ ಬೇರೆ ಕಂಪನಿಗೆ ಅದನ್ನೇ ಹೊಸದಾಗಿ ಹಾಡಿಕೊಟ್ಟರು. ಹ್ಯಾಟ್‌ಫೀಲ್ಡ್‌ಗೆ ಆಗ ಐವತ್ತರ ಪ್ರಾಯ. ಹಳೆಯದು ರೇಡಿಯೋದಲ್ಲಿ ಓಡಿತು, ಹೊಸದು ಅಂಗಡಿಯಲ್ಲಿ ಮಾರಾಟವಾಯಿತು. ಎರಡೂ ಒಟ್ಟಿಗೇ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿದ್ದವು. ಒಂದು 13ನೇ ಸ್ಥಾನಕ್ಕೆ, ಇನ್ನೊಂದು 19ನೇ ಸ್ಥಾನಕ್ಕೆ ಏರಿತು. ಇದು ಕವರ್ರಾ? ಅಲ್ಲ. ತಮ್ಮದೇ ರೆಕಾರ್ಡಿಂಗನ್ನು ತಾವೇ ಮತ್ತೆ ಮಾಡಿದರೆ ಮರು ರೆಕಾರ್ಡಿಂಗ್ ಅನ್ನಬೇಕು. ಹಾಡು ಬೇರೆ, ರೆಕಾರ್ಡಿಂಗ್ ಬೇರೆ ಅಂದೆನಲ್ಲ, ಅದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ನೂರಾರು ಜನ ಹಾಡಿದ್ದಾರೆ. ಎಲ್ಲವನ್ನೂ ಹೇಳುತ್ತಾ ಕೂರುವುದಿಲ್ಲ. ಒಂದನ್ನು ಮಾತ್ರ ಬಿಡಲಾರೆ.

1977ರ ಜೂನ್ 21. ದಕ್ಷಿಣ ಡಕೋಟಾದ ರ‍್ಯಾಪಿಡ್ ಸಿಟಿ. ಎಲ್ವಿಸ್ ಪ್ರೀಸ್ಲಿ ಅವರ ಕಾರ್ಯಕ್ರಮವನ್ನು ಟಿವಿಗಾಗಿ ಚಿತ್ರೀಕರಿಸುತ್ತಿದ್ದರು. ಅವರು ತಾವೇ ಪಿಯಾನೋ ಮುಂದೆ ಕೂತು ಈ ಹಾಡು ಎತ್ತಿಕೊಳ್ಳುತ್ತಾರೆ. ಮುಖ ಊದಿಕೊಂಡಿದೆ, ಬೆವರು ಹರಿಯುತ್ತಿದೆ. ಎರಡು ಕೈಯೂ ಪಿಯಾನೋ ಮೇಲೆ ಇರುವುದರಿಂದ ಪಕ್ಕದಲ್ಲಿ ಒಬ್ಬರು ಮೈಕ್ ಹಿಡಿದಿದ್ದಾರೆ. ಹ್ಯಾಟ್‌ಫೀಲ್ಡ್ ಜಿಗಿದ ಹಾಗೆ ಇವರು ಹಗುರಾಗಿ ಜಿಗಿಯುವುದಿಲ್ಲ. ಒಂದೊಂದು ಮೆಟ್ಟಿಲನ್ನೂ ಹತ್ತಿ ಹೋಗುತ್ತಾರೆ. ನಡುವೆ ಒಮ್ಮೆ ತಲೆ ಎತ್ತಿ ಚಿಕ್ಕ ಹುಡುಗನ ಹಾಗೆ ನಗುತ್ತಾರೆ. ಅವರು ತೀರಿಕೊಂಡದ್ದು ಆಗಸ್ಟ್ 16ಕ್ಕೆ, ಸರಿಯಾಗಿ 8 ವಾರದ ಮೇಲೆ. ಆ ರಾತ್ರಿ ಅದು ಅಲ್ಲಿ ಯಾರಿಗೂ ಗೊತ್ತಿಲ್ಲ. ಕೊನೆಯ ಸ್ವರ ಬರುತ್ತದೆ, ಕಣ್ಣು ಮುಚ್ಚಿ ಅದನ್ನು ಎಳೆಯುತ್ತಾರೆ, ಪಕ್ಕದವರು ಮೈಕ್ ಹಿಡಿದೇ ಇದ್ದಾರೆ.