ಒಬಾಮ ಕೆನ್ಯಾದವರಿಗೆ ಏನಾಗಬೇಕು?

ಲುವೋ ಜನಾಂಗದವನೊಬ್ಬ ಕೆನ್ಯಾದ ಅಧ್ಯಕ್ಷನಾಗುವ ಮೊದಲೇ ಅಮೆರಿಕದ ಅಧ್ಯಕ್ಷನಾಗುತ್ತಾನೆ. 2008ರಲ್ಲಿ ಕೆನ್ಯಾದ ಜನ ನಗುತ್ತಲೇ ಆಡುತ್ತಿದ್ದ ಮಾತಿದು. ಆ ನಗುವಿನ ಹಿಂದೆ ನಾಲ್ಕು ದಶಕಗಳ ನೋವಿದೆ. ಅದನ್ನು ಬದಿಗಿಟ್ಟು ಬರಾಕ್ ಒಬಾಮ ಅವರ ಮೇಲಿನ ಅಭಿಮಾನವನ್ನು ಅಳೆಯಲು ಹೊರಟರೆ ಏನೂ ಅರ್ಥವಾಗುವುದಿಲ್ಲ.

ಮಗನ ಹೆಸರನ್ನೇ ಹೊತ್ತ ತಂದೆ ಒಬಾಮ ವಿಕ್ಟೋರಿಯಾ ಸರೋವರದ ಸೀಮೆಯ ಲುವೋ. 1959ರಲ್ಲಿ ಹವಾಯಿಗೆ ಓದಲು ಹೋದವರು, ಹಾರ್ವರ್ಡ್‌ನಲ್ಲೂ ಅರ್ಥಶಾಸ್ತ್ರ ಕಲಿತು, ಆಗಷ್ಟೇ ಸ್ವತಂತ್ರವಾಗಿದ್ದ ದೇಶಕ್ಕೆ ಮರಳಿದರು. 1965ರಲ್ಲಿ ಸರ್ಕಾರದ ಆರ್ಥಿಕ ನೀತಿಯನ್ನು ಹೆಸರು ಹಾಕಿಯೇ ಟೀಕಿಸಿ ಬರೆದರು. ಮರುವರ್ಷ ಲುವೋ ನಾಯಕ ಒಗಿಂಗಾ ಒಡಿಂಗಾ ಉಪಾಧ್ಯಕ್ಷ ಸ್ಥಾನದಿಂದ ಹೊರಬಂದರು. 1969ರಲ್ಲಿ ಅದೇ ಸಮುದಾಯದ ಸಚಿವ ಟಾಮ್ ಎಂಬೋಯಾ ನೈರೋಬಿಯ ಔಷಧ ಅಂಗಡಿಯೊಂದರ ಮುಂದೆ ಗುಂಡಿಗೆ ಬಲಿಯಾದರು. ಆ ಮೊಕದ್ದಮೆಯಲ್ಲಿ ತಂದೆ ಒಬಾಮ ಸಾಕ್ಷಿ ನುಡಿದರು. ಮುಂದೆ ಸರ್ಕಾರಿ ಕೆಲಸವೂ ಹೋಯಿತು. 1982ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು.

ಒಗಿಂಗಾ ಅವರ ಮಗ ರೈಲಾ ಒಡಿಂಗಾ 2007ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆ ಸೋತರೆಂದು ಘೋಷಣೆಯಾದಾಗ ಗಲಭೆ ಭುಗಿಲೆದ್ದು ಸಾವಿರಕ್ಕೂ ಹೆಚ್ಚು ಜನ ಸತ್ತರು. ವರ್ಷ ತುಂಬುವ ಮೊದಲೇ ಒಬಾಮ ಗೆದ್ದರು. ಆ ವಿವಾದದ ಚುನಾವಣೆಯಲ್ಲಿ ಗದ್ದುಗೆ ಉಳಿಸಿಕೊಂಡಿದ್ದ ಮ್ವಾಯಿ ಕಿಬಾಕಿ ಅವರೇ ನವೆಂಬರ್ 6ರಂದು ಸಾರ್ವತ್ರಿಕ ರಜೆ ಸಾರಿದರು! ಬಾರ್‌ಗಳಲ್ಲಿ ‘ಸೆನೆಟರ್’ ಎಂಬ ಅಗ್ಗದ ಬಿಯರಿಗೆ ಜನ ‘ಒಬಾಮ’ ಎಂದೇ ಕರೆಯುತ್ತಿದ್ದರು. ತಂದೆಯ ಊರು ಕೊಗೆಲೊಗೆ ವಿದ್ಯುತ್ ಬಂತು.

ಆದರೆ ಅಭಿಮಾನವೆಂದರೆ ಬರೀ ಜೈಕಾರವಲ್ಲ. 2006ರಲ್ಲಿ ಸೆನೆಟರ್ ಆಗಿ ಬಂದಿದ್ದಾಗ ಅವರು ಕಿಸುಮುವಿನಲ್ಲಿ ಪತ್ನಿಯೊಂದಿಗೆ ಜನರೆದುರೇ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡರು, ನೈರೋಬಿ ವಿಶ್ವವಿದ್ಯಾಲಯದಲ್ಲಿ ಭ್ರಷ್ಟಾಚಾರದ ವಿರುದ್ಧ ಮಾತನಾಡಿದರು. ಸರ್ಕಾರ ಸಿಡಿಮಿಡಿಗೊಂಡಿತು. ಮನೆಯವನಿಗಷ್ಟೇ ಇರುವ ಸಲುಗೆಯನ್ನು ಅವರು ಬಳಸಿಕೊಂಡರು, ಬಳಸಿಕೊಂಡದ್ದು ಸರಿ ಎಂದೇ ನನ್ನ ನಂಬಿಕೆ.

ಅದೇ ಸಲುಗೆ ಮುನಿಸಿಗೂ ಕಾರಣವಾಯಿತು. ಅಧ್ಯಕ್ಷರಾಗಿ 2009ರಲ್ಲಿ ಘಾನಾಕ್ಕೆ ಹೋದರು, 2013ರಲ್ಲಿ ಪಕ್ಕದ ತಾಂಜಾನಿಯಾದವರೆಗೂ ಬಂದರು, ಕೆನ್ಯಾಕ್ಕೆ ಮಾತ್ರ ಕಾಲಿಡಲಿಲ್ಲ. ಅಧ್ಯಕ್ಷ ಉಹುರು ಕೆನ್ಯಾಟ್ಟಾ ಆಗ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ಆರೋಪಿ. ಪ್ರಕರಣ ಬಿದ್ದುಹೋದ ಮೇಲೆ, 2015ರ ಜುಲೈನಲ್ಲಿ, ಒಬಾಮ ಬಂದರು. ಸಲಿಂಗಿಗಳ ಹಕ್ಕಿನ ಬಗ್ಗೆ ಅವರು ಆಡಿದ ಮಾತಿಗೆ ಉಹುರು ಅದೇ ವೇದಿಕೆಯಲ್ಲಿ, ಅದು ನಮಗೆ ದೊಡ್ಡ ವಿಷಯವೇ ಅಲ್ಲ ಎಂದು ಉತ್ತರ ಕೊಟ್ಟರು. ಸ್ವದೇಶದಲ್ಲಿ ಬಹಳಷ್ಟು ಜನ ಉಹುರು ಪರ ನಿಂತರು.

ಒಬಾಮ ಕೊಟ್ಟದ್ದೇನು ಎಂಬ ಪ್ರಶ್ನೆ ಎದ್ದಾಗಲೆಲ್ಲ ಜಾರ್ಜ್ ಬುಷ್ ಹೆಸರು ಬರುತ್ತದೆ. ಬುಷ್ 2003ರಲ್ಲಿ ಆರಂಭಿಸಿದ ಏಡ್ಸ್ ಪರಿಹಾರ ಯೋಜನೆಯ ಔಷಧ ಎಷ್ಟೋ ಕೆನ್ಯನ್ನರ ಜೀವ ಉಳಿಸಿದೆ. ಈ ಹೋಲಿಕೆ ನ್ಯಾಯವಾದದ್ದೇ. ಆದರೂ ಬುಷ್ ಅವರನ್ನು ಯಾರೂ ‘ಯಾಕೆ ಬರಲಿಲ್ಲ’ ಎಂದು ಕೇಳಲಿಲ್ಲ.