ಕಾಂಜುಗೇಷನ್ ಅಂದ್ರೆ ನೊಗಕ್ಕೆ ಕಟ್ಟೋದು ಕಣ್ರೀ

ಅಕ್ಕನ ಮಗಳು ಎಂಟನೇ ಕ್ಲಾಸು, ದಸರಾ ರಜಕ್ಕೆ ಮಂಡ್ಯಕ್ಕೆ ಬಂದವ್ಳು ನೋಟ್‌ಬುಕ್ ತಂದು ಮುಂದಿಟ್ಟು "ಮಾವ, ಇದಿಷ್ಟೂ ಬಾಯಿಪಾಠ ಮಾಡ್ಬೇಕು" ಅಂದ್ಲು. ನೋಡಿದ್ರೆ ಇರೋದು ಕುಕ್ ಅನ್ನೋ ಒಂದೇ ವರ್ಬು, ಅದಕ್ಕೆ 12 ಟೆನ್ಸು, ಒಂದೊಂದಕ್ಕೂ ಐ, ವಿ, ಯು, ಹಿ, ಶಿ, ಇಟ್, ದೇ ಅಂತ ಏಳೇಳು ಸಾಲು, ಒಟ್ಟು 84. ಮೇಲೆ ಕೆಂಪು ಇಂಕಲ್ಲಿ ಕಾಂಜುಗೇಷನ್ ಅಂತ ಹೆಡ್ಡಿಂಗು.

ಲ್ಯಾಟಿನ್‌ನಲ್ಲಿ ಜುಗುಮ್ ಅಂದ್ರೆ ನೊಗ, ಕಾನ್ ಅಂದ್ರೆ ಜೊತೆ. ಜೊತೆಗೂಡಿಸಿ ನೊಗಕ್ಕೆ ಕಟ್ಟೋದೇ ಕಾಂಜುಗೇಷನ್. ವರ್ಬಿಗೆ ಯಾವಾಗ, ಯಾರು ಅನ್ನೋದನ್ನ ಹೂಡೋದು ಅಷ್ಟೇ. ಧಾತುಗೆ (ಮಾಡು ತರದ ಮೂಲ ಪದ) ಆಖ್ಯಾತ ಪ್ರತ್ಯಯ (ಕಾಲ, ಯಾರು ಅಂತ ತೋರಿಸೋಕೆ ಕೊನೇಲಿ ಅಂಟೋದು) ಸೇರಿದ್ರೆ ಕ್ರಿಯಾಪದ ಅಂತ ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರು ಹೇಳ್ತಿದ್ರಲ್ಲ, ಅದೇ ಕೆಲಸ.

ಹಿಂದಿನ ಕಾಲಕ್ಕೆ ಕೊನೇಲಿ ಇ-ಡಿ ಹಾಕಿದ್ರೆ ಸಾಕು ಅನ್ನೋ ವರ್ಬು ರೆಗ್ಯುಲರ್. ಗೋ ಹೋಗಿ ವೆಂಟ್ ಆಗೋ ತರದ್ದು ಇರ್ರೆಗ್ಯುಲರ್, ಅವು ಸುಮಾರು 200 ಇರಬಹುದು, ಅದನ್ನ ಇವತ್ತು ಬಿಟ್ಬಿಡಿ. ರೆಗ್ಯುಲರ್ ವರ್ಬಿಗೆ ಇರೋ ವೇಷ ನಾಲ್ಕೇ ನಾಲ್ಕು: ಕುಕ್, ಕುಕ್ಸ್, ಕುಕ್ಡ್, ಕುಕಿಂಗ್. ಆ 84 ಸಾಲಲ್ಲಿ ಹುಡುಕಿದ್ರೂ ಐದನೇದು ಸಿಗಲ್ಲ. ನಮ್ಮ ಮಾಡು ತಗೊಳಿ, ಬರೀ ವರ್ತಮಾನಕ್ಕೇ ಮಾಡ್ತೀನಿ, ಮಾಡ್ತೀವಿ, ಮಾಡ್ತೀಯ, ಮಾಡ್ತೀರ, ಮಾಡ್ತಾನೆ, ಮಾಡ್ತಾಳೆ, ಮಾಡ್ತಾರೆ, ಮಾಡುತ್ತೆ ಅಂತ ಎಂಟು ಆಯ್ತು. ಇಂಗ್ಲಿಷಲ್ಲಿ ಆ ಜಾಗಕ್ಕೆ ಎರಡೇ, ಹಿ ಶಿ ಇಟ್ ಬಂದ್ರೆ ಕುಕ್ಸ್, ಮಿಕ್ಕೋರಿಗೆಲ್ಲ ಕುಕ್. ಇಷ್ಟು ಸುಲಭ ಇರೋದಕ್ಕೇ ನಾವು ಆ ಎಸ್ ಮರೆತು "ಶಿ ಕುಕ್" ಅಂತೀವೇನೋ.

ಹಂಗಾದ್ರೆ 12 ಟೆನ್ಸು ಎಲ್ಲಿಂದ ಬಂತು ಅಂದ್ರೆ, ಮುಂದೆ ನಿಂತಿರೋ ಈಸ್, ಹ್ಯಾಸ್, ವಿಲ್ ಇವುಗಳಿಂದ. ಇದನ್ನ ಅವಳಿಗೆ ಹೆಂಗಪ್ಪಾ ಹೇಳೋದು ಅಂತ ತಲೆ ಕೆರ್ಕೊಳ್ತಿದ್ದಾಗ ಅವಳೇ ಒಳಗಡೆ ತಿರುಗಿ "ಅಜ್ಜಿ ಅಡ್ಗೆ ಮಾಡ್ತಾವ್ಳೆ, ಆಮೇಲ್ ಹೇಳು" ಅಂದ್ಲು. (ನಮ್ ಕಡೆ ಅಜ್ಜಿಗೆ ಏಕವಚನವೇ, ಬೆಂಗಳೂರಿನೋರು ಬೇಜಾರ್ ಮಾಡ್ಕೋಬೇಡಿ.) ಸಿಕ್ತಲ್ಲ! ಮಾಡ್ತಾಳೆ ಅಂದ್ರೆ ದಿನಾ ಮಾಡೋದು, ಶಿ ಕುಕ್ಸ್. ಮಾಡ್ತಾವ್ಳೆ ಅಂದ್ರೆ ಈಗ ಒಲೆ ಮುಂದೆ ಇದ್ದಾಳೆ, ಶಿ ಈಸ್ ಕುಕಿಂಗ್. ಆ ಅವ್ಳೆನೇ ಈಸ್. ಮಾಡವ್ಳೆ ಅಂದ್ರೆ ಮಾಡಿ ಮುಗಿಸಿದ್ದಾಳೆ, ತಟ್ಟೆ ಹಾಕಿ, ಶಿ ಹ್ಯಾಸ್ ಕುಕ್ಡ್. ನಮ್ಮನ್ನ ಹಳ್ಳಿ ಭಾಷೆ ಅಂತ ನಗಾಡ್ತಾರೆ, ಕಂಟಿನ್ಯುಯಸ್ಸು ಪರ್ಫೆಕ್ಟು ಎರಡೂ ನಮ್ ಬಾಯಲ್ಲಿ ಹಿಂಗೆ ಬೇರೆ ಬೇರೆ ಕೂತಿದೆ. ದಿನಾ ಮಾಡೋದಕ್ಕೂ "ಐ ಆಮ್ ಕುಕಿಂಗ್ ಡೈಲಿ" ಅನ್ನೋರು ಒಂದ್ಸಲ ಮಂಡ್ಯ ಕನ್ನಡದಲ್ಲಿ ಯೋಚನೆ ಮಾಡಿ ಆಮೇಲೆ ಹೇಳ್ಲಿ.

ಇನ್ನು ಡಿಡ್. "ಐ ಡಿಡ್ ನಾಟ್ ಕುಕ್ಡ್" ಅಂತ ಬರ್ದಿದ್ಲು, ನಾನೂ ಪಿಯುಸಿ ತನಕ ಹಂಗೇ ಬರೀತಿದ್ದೆ. ಹಿಂದಿನ ಕಾಲ ಅಲ್ವಾ, ಇ-ಡಿ ಬೇಡ್ವಾ ಅನ್ನೋದು ಅವಳ ವಾದ. ನಾನು ಕೇಳ್ದೆ, ಮಾಡಿದೆ ಅನ್ನೋದನ್ನ ಇಲ್ಲ ಅನ್ನಬೇಕಾದ್ರೆ ಏನಂತೀಯ, ಮಾಡಿದೆಲಿಲ್ಲ ಅಂತೀಯಾ? ಬಿದ್ದು ಬಿದ್ದು ನಕ್ಳು. ಮಾಡಲಿಲ್ಲ ಅಂತೀವಿ, ನಾನೂ ಮಾಡಲಿಲ್ಲ, ಅವಳೂ ಮಾಡಲಿಲ್ಲ, ಅವರೂ ಮಾಡಲಿಲ್ಲ, ಮಾಡಿದೆ ಮಾಡಿದ್ಲು ಮಾಡಿದ್ರು ಅನ್ನೋ ವ್ಯತ್ಯಾಸ ಎಲ್ಲಾ ಉದುರೋಗುತ್ತೆ. ಡಿಡ್ ಬಂದಾಗಲೂ ಹಿಂಗೇ, ಕಾಲದ ಭಾರ ಪೂರ್ತಿ ಡಿಡ್ ಹೊರುತ್ತೆ, ಕುಕ್ ಖಾಲಿ ಕೈಯಲ್ಲಿ ನಿಲ್ಲುತ್ತೆ. ಪ್ರಶ್ನೆಗೂ ಅಷ್ಟೇ, ಡಿಡ್ ಯು ಕುಕ್.

ಇ-ಡಿ ಸೇರಿಸಿ ಬರೆಯೋದ್ರಲ್ಲಿ ಒಂದೆರಡು ಸಣ್ಣ ತಕರಾರು ಇದೆ, ಸ್ಟಡೀಲಿ ವೈ ಹೋಗಿ ಐ ಬರುತ್ತೆ, ಪ್ಲೇಲಿ ವೈ ಹಿಂದೆ ಸ್ವರ ಇರೋದ್ರಿಂದ ಅದು ಹಂಗೇ ಉಳಿಯುತ್ತೆ, ಸ್ಟಾಪ್‌ನ ಪಿ ಡಬಲ್ ಆಗುತ್ತೆ. ಬರೀತಾ ಬರೀತಾ ಕೂತ್ಕೊಳುತ್ತೆ ಬಿಡಿ.

ಉಚ್ಚಾರಣೇಲಿ ಮಾತ್ರ ನಾವು ಸಿಕ್ಕಾಕೊಳ್ಳೋದು. ಮೈಸೂರಲ್ಲಿ ಕಾಲೇಜಿಗೆ ಸೇರಿದ ಹೊಸದರಲ್ಲಿ ನಾನು ವಾಷೆಡ್ ಅಂದಿದ್ದಕ್ಕೆ ಇಡೀ ಹಿಂದಿನ ಬೆಂಚು ನಕ್ಕಿತ್ತು, ಯಾಕೆ ತಪ್ಪು ಅಂತ ಮಾತ್ರ ಯಾರೂ ಹೇಳ್ಲಿಲ್ಲ. ಗಂಟಲ ಮೇಲೆ ಬೆರಳಿಟ್ಟು ವರ್ಬಿನ ಕೊನೇ ಶಬ್ದ ಹೇಳಿ ನೋಡಿ. ಕುಕ್‌ನ ಕ್, ವಾಷ್‌ನ ಷ್, ಹೆಲ್ಪ್‌ನ ಪ್ ಹೇಳುವಾಗ ಗಂಟಲು ನಡುಗಲ್ಲ, ಅಲ್ಲಿ ಇ-ಡಿ ಬರೆದ್ರೂ ಕೇಳೋದು ಟ್: ಕುಕ್ಟ್, ವಾಷ್ಟ್, ಹೆಲ್ಪ್ಟ್. ಕಾಲ್, ಪ್ಲೇ, ಬಾಯ್ಲ್ ಅಂದಾಗ ನಡುಗುತ್ತೆ, ಅಲ್ಲಿ ಡ್: ಕಾಲ್ಡ್, ಪ್ಲೇಡ್, ಬಾಯ್ಲ್ಡ್. ವಾಂಟ್, ನೀಡ್ ತರ ಮೊದಲೇ ಟ್ ಅಥವಾ ಡ್ ಇದ್ರೆ ಅದರ ಮೇಲೆ ಇನ್ನೊಂದು ಡ್ ಹತ್ತಿಸೋಕೆ ನಾಲಿಗೆ ಒಪ್ಪಲ್ಲ, ಅಲ್ಲಿ ಮಾತ್ರ ನಡುವೆ ಸ್ವರ ನುಗ್ಗಿ ವಾಂಟೆಡ್, ನೀಡೆಡ್.

ಆಮೇಲೆ ಅವಳು ಒಂದು ಒಳ್ಳೇ ಪ್ರಶ್ನೆ ಕೇಳಿದ್ಲು, ಹೊಸ ವರ್ಬು ಹುಟ್ಟಿದ್ರೆ ಅದು ರೆಗ್ಯುಲರ್ರಾ ಇರ್ರೆಗ್ಯುಲರ್ರಾ ಅಂತ. ಹೆಚ್ಚುಕಮ್ಮಿ ಎಲ್ಲಾ ರೆಗ್ಯುಲರ್ರೇ. ಗೂಗಲ್ ವರ್ಬಾಗಿದ್ದೇ ತಡ ಗೂಗಲ್ಡ್ ಆಯ್ತು, ಯಾರೂ ಕೂತು ತೀರ್ಮಾನ ಮಾಡ್ಲಿಲ್ಲ. ನಾವು ಅದಕ್ಕಿಂತ ಸೋಮಾರಿಗಳು, ಯಾವ ಇಂಗ್ಲಿಷ್ ಪದ ಬಂದ್ರೂ ಪಕ್ಕಕ್ಕೊಂದು ಮಾಡು ಕಟ್ಟಿಬಿಡ್ತೀವಿ, ಗೂಗಲ್ ಮಾಡ್ದೆ, ಚಾರ್ಜ್ ಮಾಡ್ದೆ, ಫಾರ್ವರ್ಡ್ ಮಾಡ್ದೆ. ಅಜ್ಜಿ ಒಳಗಿಂದ "ಮುದ್ದೆ ಆರೋಯ್ತದೆ, ಬತ್ತೀರೋ ಇಲ್ವೋ" ಅಂದಾಗ ಅವಳು ಕೂಗಿ ಹೇಳಿದ್ದು, "ಶಿ ಹ್ಯಾಸ್ ಕುಕ್ಟ್, ಮಾವ".