ಲೋಮೆ, 1963: ನೌಕರಿ ಕೇಳಿಬಂದ ಸೈನಿಕರು

ಆಫ್ರಿಕಾದ ಸೇನಾ ಕ್ಷಿಪ್ರಕ್ರಾಂತಿಗಳ ಪಾಠ ಬಂದಾಗಲೆಲ್ಲ ನನ್ನ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಮೊದಲು ಕೇಳುವುದು ‘ಇದರ ಹಿಂದೆ ಯಾರಿದ್ದರು?’ ಎಂದು. ಹಳೆಯ ವಸಾಹತು ಒಡೆಯರನ್ನು ಶಂಕಿಸುವುದು ತಪ್ಪೇನಲ್ಲ. ಆದರೆ ಶಂಕೆಯಿಂದಲೇ ಶುರುಮಾಡಿದರೆ ಕಣ್ಣೆದುರಿನ ಕಾರಣ ಮರೆಯಾಗುತ್ತದೆ. ಆದ್ದರಿಂದ ನಾನು ಪಾಠವನ್ನು ಲೋಮೆ ರಾಜಧಾನಿಯಾಗಿರುವ, ಪಶ್ಚಿಮ ಆಫ್ರಿಕಾದ ಪುಟ್ಟ ದೇಶವಾದ ಟೋಗೋದಿಂದ, ಅದರಲ್ಲೂ ಅಲ್ಲಿನ ಸೈನಿಕರು ಸಲ್ಲಿಸಿದ ನೌಕರಿಯ ಬೇಡಿಕೆಯಿಂದ ಆರಂಭಿಸುತ್ತೇನೆ.

1960ರ ಏಪ್ರಿಲ್ 27ರಂದು ಫ್ರಾನ್ಸಿನ ಆಡಳಿತದಿಂದ ಸ್ವತಂತ್ರವಾದ ಟೋಗೋದ ಮೊದಲ ಅಧ್ಯಕ್ಷ ಸಿಲ್ವಾನಸ್ ಒಲಿಂಪಿಯೊ ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದಿ, ದೊಡ್ಡ ವ್ಯಾಪಾರಿ ಕಂಪನಿಯೊಂದರಲ್ಲಿ ದುಡಿದು ಬಂದವರು. ಬೊಕ್ಕಸದ ಒಂದೊಂದು ಕಾಸನ್ನೂ ಎಣಿಸಿ ಖರ್ಚು ಮಾಡುವ ಸ್ವಭಾವದವರು. ಬಡ ದೇಶಕ್ಕೆ ಭಾರೀ ಸೇನೆಯ ಹೊರೆ ಬೇಡವೆಂದು ಅವರು ಸೈನ್ಯವನ್ನು ಸುಮಾರು 250 ಮಂದಿಗೇ ಸೀಮಿತಗೊಳಿಸಿದ್ದರು. ಅದೇ ಹೊತ್ತಿಗೆ, ಇಂಡೋಚೀನಾ ಮತ್ತು ಅಲ್ಜೀರಿಯಾಗಳಲ್ಲಿ ಫ್ರಾನ್ಸಿನ ಪರವಾಗಿ ಕಾದಾಡಿದ್ದ ನೂರಾರು ಟೋಗೋ ಸೈನಿಕರು ಸೇವೆಯಿಂದ ಬಿಡುಗಡೆಯಾಗಿ ಊರಿಗೆ ಮರಳಿದರು. ಅವರಲ್ಲಿ ಹೆಚ್ಚಿನವರು ಉತ್ತರದ ಕಬಿಯೆ ಸಮುದಾಯದವರು. ಬಂದೂಕು ಹಿಡಿಯುವುದೊಂದೇ ಅವರು ಕಲಿತ ಕಸುಬು. ತಮ್ಮನ್ನು ರಾಷ್ಟ್ರೀಯ ಸೇನೆಗೆ ಸೇರಿಸಿಕೊಳ್ಳಿ ಎಂದು ಅವರು ಮತ್ತೆ ಮತ್ತೆ ಕೇಳಿಕೊಂಡರು. ಆಫ್ರಿಕಾದ ಇನ್ನೊಂದು ಜನತೆಯ ಸ್ವಾತಂತ್ರ್ಯ ಹೋರಾಟವನ್ನು ಹತ್ತಿಕ್ಕಲು ಹೋದವರೆಂಬ ಅಸಮಾಧಾನವೂ ಒಲಿಂಪಿಯೊ ಅವರಲ್ಲಿತ್ತು. ಅವರು ಒಪ್ಪಲಿಲ್ಲ.

1963ರ ಜನವರಿ 12ರ ರಾತ್ರಿ ಕಳೆಯುವ ಹೊತ್ತಿಗೆ ಸೈನಿಕರು ಅಧ್ಯಕ್ಷರ ಮನೆಗೆ ನುಗ್ಗಿದರು. ಒಲಿಂಪಿಯೊ ಗೋಡೆ ಹಾರಿ, ಪಕ್ಕದ ಅಮೆರಿಕದ ರಾಯಭಾರ ಕಚೇರಿಯ ಆವರಣಕ್ಕಿಳಿದು, ಅಲ್ಲಿ ನಿಂತಿದ್ದ ಕಾರೊಂದರಲ್ಲಿ ಅಡಗಿ ಕುಳಿತರು. 13ರ ಬೆಳಗಾಗುವಷ್ಟರಲ್ಲಿ ಅವರ ಗುಂಡೇಟು ಬಿದ್ದ ದೇಹ ಆ ಕಚೇರಿಯ ಗೇಟಿನಿಂದ ಕೆಲವೇ ಅಡಿ ದೂರದಲ್ಲಿತ್ತು. ಸಾರ್ಜೆಂಟ್ ಎಟಿಯೆನ್ ಎಯಾಡೆಮಾ ತಾನೇ ಗುಂಡು ಹಾರಿಸಿದ್ದಾಗಿ ಮೊದಲು ಪತ್ರಕರ್ತರ ಮುಂದೆ ಹೇಳಿಕೊಂಡು, ಮುಂದೆ ಆ ಮಾತನ್ನು ಅಲ್ಲಗಳೆದ.

ಒಲಿಂಪಿಯೊ ಫ್ರಾಂಕ್ ವಲಯದಿಂದ, ಅಂದರೆ ಫ್ರಾನ್ಸಿನ ಹಣಕ್ಕೆ ಕಟ್ಟಿಬಿದ್ದ ನಾಣ್ಯ ಬಳಸುತ್ತಿದ್ದ ದೇಶಗಳ ಕೂಟದಿಂದ, ಹೊರಬಂದು ಸ್ವಂತ ನಾಣ್ಯ ತರಲು ಸಿದ್ಧತೆ ನಡೆಸಿದ್ದರು ಎಂಬ ಕಾರಣಕ್ಕೆ ಫ್ರಾನ್ಸಿನ ಮೇಲಿನ ಅನುಮಾನ ಇಂದಿಗೂ ಉಳಿದಿದೆ. ನನ್ನ ತಿಳಿವಳಿಕೆಯಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆಯೆಂದರೆ, ಬೆರಳೆಣಿಕೆಯಷ್ಟು ಅಸಮಾಧಾನಿತ ಸೈನಿಕರಿಗೆ ಒಂದು ಸರ್ಕಾರವನ್ನು ಒಂದೇ ರಾತ್ರಿಯಲ್ಲಿ ಉರುಳಿಸಲು ಸಾಧ್ಯವಾದದ್ದಾದರೂ ಹೇಗೆ ಎಂಬುದು. 1961ರ ಚುನಾವಣೆಯಲ್ಲಿ ಎದುರಾಳಿಗಳನ್ನು ಕಣಕ್ಕಿಳಿಯಲು ಬಿಡದೆ ಆಳುವ ಪಕ್ಷ ಎಲ್ಲ 51 ಸ್ಥಾನಗಳನ್ನೂ ತನ್ನದಾಗಿಸಿಕೊಂಡಿತ್ತು. ವಿರೋಧಿಗಳು ಜೈಲಿನಲ್ಲಿದ್ದರು ಅಥವಾ ದೇಶ ಬಿಟ್ಟಿದ್ದರು. ಹಟಮಾರಿ ಅಧ್ಯಕ್ಷರೊಂದಿಗೆ ವಾದಿಸಿ ಸೈನಿಕರ ಬೇಡಿಕೆಗೆ ನಡುದಾರಿ ಹುಡುಕಬಲ್ಲ ಸಂಸತ್ತೂ, ಅವರು ಸತ್ತಾಗ ಎದ್ದು ನಿಲ್ಲಬಲ್ಲ ಪ್ರತಿಪಕ್ಷವೂ ಉಳಿದಿರಲಿಲ್ಲ. ಒಲಿಂಪಿಯೊ ಅವರ ಪ್ರಾಮಾಣಿಕತೆಯನ್ನು ಮನಸಾರೆ ಗೌರವಿಸುವ ನನಗೆ ಇದನ್ನು ಬರೆಯುವಾಗ ನೋವಾಗುತ್ತದೆ.

ಸೈನಿಕರು ಅಧಿಕಾರವನ್ನು ಒಲಿಂಪಿಯೊ ಅವರ ಭಾವಮೈದುನನೂ ರಾಜಕೀಯ ಎದುರಾಳಿಯೂ ಆಗಿದ್ದ ನಿಕೊಲಾ ಗ್ರುನಿಟ್ಸ್ಕಿಗೆ ಒಪ್ಪಿಸಿದರು. ಕೇಳಿದ ನೌಕರಿ ಅವರಿಗೆ ಸಿಕ್ಕಿತು, ಸೇನೆ ಬೆಳೆಯಿತು. ನಾಲ್ಕು ವರ್ಷಗಳ ನಂತರ, 1967ರ ಜನವರಿ 13ರಂದೇ, ಎಯಾಡೆಮಾ ಗ್ರುನಿಟ್ಸ್ಕಿಯನ್ನೂ ಇಳಿಸಿದ. ಅಷ್ಟರಲ್ಲಿ ದಾಹೋಮಿ (ಇಂದಿನ ಬೆನಿನ್), ನೈಜೀರಿಯಾ, ಘಾನಾಗಳಲ್ಲಿಯೂ ಬ್ಯಾರಕ್ಕುಗಳು ಸರ್ಕಾರಗಳನ್ನು ಬದಲಿಸಿದ್ದವು.

1963ರ ಮೇ ತಿಂಗಳಲ್ಲಿ ಅಡಿಸ್ ಅಬಾಬಾದಲ್ಲಿ ಆಫ್ರಿಕನ್ ಏಕತಾ ಸಂಘಟನೆ ಹುಟ್ಟಿದಾಗ ಟೋಗೋದ ಕುರ್ಚಿ ಖಾಲಿಯಿತ್ತು. ರಾಜಕೀಯ ಹತ್ಯೆಯನ್ನು ಖಂಡಿಸುವ ಮಾತು ಸಂಘಟನೆಯ ಸನ್ನದಿನಲ್ಲಿಯೇ ಸೇರಿತು. ಸಂವಿಧಾನಬಾಹಿರವಾಗಿ ಅಧಿಕಾರ ಹಿಡಿದ ಸರ್ಕಾರಗಳನ್ನು ಹೊರಗಿಡಬೇಕೆಂಬ ಘೋಷಣೆಗೆ ಅದೇ ಸಂಘಟನೆ 2000ದ ಜುಲೈನಲ್ಲಿ ಒಪ್ಪಿಗೆ ನೀಡಿದ್ದು ಲೋಮೆಯಲ್ಲಿ, ಆಗಲೂ ಅಧ್ಯಕ್ಷನಾಗಿದ್ದ ಎಯಾಡೆಮಾನ ಆತಿಥ್ಯದಲ್ಲಿ. 2005ರ ಫೆಬ್ರುವರಿಯಲ್ಲಿ ಆತ ತೀರಿಕೊಂಡಾಗ ಸೇನೆ ಅವನ ಮಗ ಫೋರೆಯನ್ನು ಗದ್ದುಗೆಗೇರಿಸಿತು. ನೆರೆಯ ದೇಶಗಳು ಆ ಘೋಷಣೆಯನ್ನೇ ಮುಂದಿಟ್ಟು ಒತ್ತಾಯಿಸಿದ್ದರಿಂದ ಆತ ಕೆಲವೇ ವಾರಗಳಲ್ಲಿ ಕೆಳಗಿಳಿದ. ಏಪ್ರಿಲ್‌ನಲ್ಲಿ ನಡೆದ, ರಕ್ತಪಾತದಿಂದ ಕೂಡಿದ ಚುನಾವಣೆಯ ಮೂಲಕ ಅದೇ ಕುರ್ಚಿಗೆ ಮರಳಿದ.